ಸೊಂಟನೋವು: ಸಾಕಿ ಸಲಹುವ ಕೈಪಿಡಿ

ಸೊಂಟನೋವು ಎಲ್ಲರಿಗೂ ಬರುತ್ತದೆ. ಅದನ್ನು ಉಳಿಸಿಕೊಳ್ಳುವುದು ಮಾತ್ರ ಎಲ್ಲರಿಗೂ ಬರುವುದಿಲ್ಲ.

ಗ್ಯಾಸ್ ಸಿಲಿಂಡರ್ ಎತ್ತುವಾಗ, ನಾಟಿ ಮುಗಿಸಿ ಗದ್ದೆಯಿಂದ ಎದ್ದಾಗ, ಏನೂ ಮಾಡದೆ ಬರೀ ಸೀನಿದಾಗ ಚಳುಕು ಹೊಡೆಯುತ್ತದೆ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಅದನ್ನು ಕಳೆದುಕೊಂಡು ಮಾಮೂಲಿನಂತೆ ಓಡಾಡತೊಡಗುತ್ತಾರೆ. ಇದು ಶುದ್ಧ ಬೇಜವಾಬ್ದಾರಿ. ವೈದ್ಯಶಾಸ್ತ್ರದಲ್ಲಿ ನೋವಿಗೆ ‘ದೀರ್ಘಕಾಲಿಕ’ ಎಂಬ ಪದವಿ ಸಿಗಬೇಕಾದರೆ ಅದು 3 ತಿಂಗಳು ದಾಟಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಈ ನೋವಿಗೆ ಸ್ವಂತ ಸಂಕೇತ ಸಂಖ್ಯೆಯೂ ಇದೆ. ಪೈಪೋಟಿ ಜೋರಾಗಿದೆ ಎಂಬುದನ್ನೂ ಗಮನಿಸಿ: 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಸೊಂಟನೋವಿತ್ತು, 2050ರ ಹೊತ್ತಿಗೆ 84.3 ಕೋಟಿಯಾಗುವ ಅಂದಾಜಿದೆ. ಆದ್ದರಿಂದ ತಡಮಾಡದೆ ಕೆಳಗಿನ ಹೆಜ್ಜೆಗಳನ್ನು ಕ್ರಮವಾಗಿ ಪಾಲಿಸಿ.

ಹೆಜ್ಜೆ 1: ಮಲಗಿ

ನೋವು ಬಂದ ಕೂಡಲೇ ಮಲಗಿಬಿಡಿ. ಒಂದು ದಿನ, ಎರಡು ದಿನ ಮಲಗಿದರೆ ಸಾಲದು. ವಾರ ಕಳೆಯಲಿ, ಪಕ್ಷ ಕಳೆಯಲಿ. ಎದ್ದೇಳುವ ಮನಸ್ಸಾದರೆ ‘ನರ ಜರುಗಿಬಿಟ್ಟರೆ?’ ಎಂದು ಕೇಳಿಕೊಳ್ಳಿ. ಬೆನ್ನಿನ ಸ್ನಾಯುಗಳಿಗೆ ಕೆಲಸ ಕೊಡದಿದ್ದರೆ ಅವು ಬಲ ಕಳೆದುಕೊಳ್ಳುತ್ತವೆ, ಆಮೇಲೆ ಬಕೆಟ್ ನೀರು ಎತ್ತಿದರೂ ನೋಯುತ್ತದೆ. ನಮಗೆ ಬೇಕಿರುವುದು ಅದೇ.

1986ರಲ್ಲಿ ಅಮೆರಿಕದ ವೈದ್ಯರು ಒಂದು ಕಿಡಿಗೇಡಿ ಪ್ರಯೋಗ ಮಾಡಿದರು. ಸೊಂಟನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಏಳು ದಿನದವರಷ್ಟೇ ಚೇತರಿಸಿಕೊಂಡರು, ಮೇಲಾಗಿ ಬೇಗ ಕೆಲಸಕ್ಕೆ ಮರಳಿದರು. ಈ ವಿಷಯ ನಿಮ್ಮ ಮನೆಯವರ ಕಿವಿಗೆ ಬೀಳದಿರಲಿ.

ಮಲಗುವುದಕ್ಕೆ ಬರೀ ಹಲಗೆಯನ್ನೋ ಚಾಪೆ ಹಾಸಿದ ನೆಲವನ್ನೋ ಆರಿಸಿ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಪಕ್ಕದ ಮನೆಯವರು ಹೇಳುತ್ತಾರೆ, ಅವರ ಮಾತು ಕೇಳಿ. 2003ರಲ್ಲಿ ಸ್ಪೇನಿನ ಸಂಶೋಧಕರು ಹಳೇ ಸೊಂಟನೋವಿನವರನ್ನು ಎರಡು ಬಗೆಯ ಹಾಸಿಗೆಗಳ ಮೇಲೆ ಮಲಗಿಸಿ, ಕಲ್ಲಿನಂಥದಕ್ಕಿಂತ ಮಧ್ಯಮ ಗಟ್ಟಿಯದೇ ಹಿತವೆಂದು ಕಂಡುಕೊಂಡರು. ಅವರು ನಿಮ್ಮ ಪಕ್ಕದ ಮನೆಯವರಲ್ಲ.

ಹೆಜ್ಜೆ 2: ಸ್ಕ್ಯಾನ್ ಮಾಡಿಸಿ, ವರದಿಯನ್ನು ಕಂಠಪಾಠ ಮಾಡಿ

ವೈದ್ಯರು ‘ಈಗಲೇ ಬೇಡ, ಆರು ವಾರ ನೋಡೋಣ’ ಎಂದರೆ ಅವರಿಗೆ ವಿದ್ಯೆ ಸಾಲದೆಂದು ತಿಳಿಯಿರಿ. ಎಂಆರ್‌ಐ ಮಾಡಿಸಿಕೊಂಡೇ ಬನ್ನಿ. ವರದಿಯಲ್ಲಿ ಎಲ್-ಫೋರ್, ಎಲ್-ಫೈವ್, ಬಲ್ಜ್, ಡೀಜನರೇಷನ್ ಮುಂತಾದವು ಇದ್ದೇ ಇರುತ್ತವೆ. ಮನೆಗೆ ಬಂದು ಅದನ್ನು ‘ಮೂಳೆ ಸವೆದಿದೆ, ಗ್ಯಾಪ್ ಬಂದಿದೆ, ನರ ಒತ್ತಿಕೊಂಡಿದೆ’ ಎಂದು ಅನುವಾದಿಸಿ. ಫಿಲ್ಮನ್ನು ಬೀರುವಿನ ಮೇಲಿಡಿ. ನೆಂಟರು ಬಂದಾಗ ಕಾಫಿಗೆ ಮುಂಚೆ ಇಳಿಸಿ, ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿ.

ಒಂದು ಎಚ್ಚರಿಕೆ. ನೋವೇ ಇಲ್ಲದವರ ಬೆನ್ನುಮೂಳೆಯ ಚಿತ್ರಗಳನ್ನು ಪರಿಶೀಲಿಸಿದ್ದ ಹಲವು ಅಧ್ಯಯನಗಳನ್ನು 2015ರಲ್ಲಿ ಯಾರೋ ಒಟ್ಟುಗೂಡಿಸಿ ನೋಡಿದ್ದಾರೆ. ಡಿಸ್ಕಿನ ಸವಕಳಿ 20ರ ಪ್ರಾಯದವರಲ್ಲಿ ಶೇ. 37, 50ರವರಲ್ಲಿ ಶೇ. 80, 80ರವರಲ್ಲಿ ಶೇ. 96 ಮಂದಿಗೆ ಇತ್ತಂತೆ. ಅಂದರೆ ನಿಮ್ಮ ವರದಿಯಲ್ಲಿರುವುದರಲ್ಲಿ ಬಹುಪಾಲು, ತಲೆಗೂದಲು ನರೆತ ಹಾಗೆ, ವಯಸ್ಸಿನ ಗುರುತು. ಇದನ್ನು ನಂಬಿದರೆ ವರದಿಗೆ ಬೆಲೆಯೇ ಇರುವುದಿಲ್ಲ. ಅಷ್ಟು ದುಡ್ಡು ಕೊಟ್ಟಿದ್ದೀರಿ, ಹೆದರಿಕೊಳ್ಳುವುದು ನಿಮ್ಮ ಹಕ್ಕು.

ಹೆಜ್ಜೆ 3: ವೈದ್ಯರನ್ನು ಸಂಗ್ರಹಿಸಿ

ಒಬ್ಬರೇ ವೈದ್ಯರ ಬಳಿ ನಿಲ್ಲಬೇಡಿ. ಮೂಳೆ ಡಾಕ್ಟರು, ನರದ ಡಾಕ್ಟರು, ಆಯುರ್ವೇದದವರು, ಉಳುಕು ತೆಗೆಯುವವರು, ಷಡ್ಡಕನ ಸ್ನೇಹಿತರು ಹೀಗೆ ಸರದಿಯಲ್ಲಿ ಹೋಗಿ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ಹೇಳಬೇಡಿ. ‘ಈಗ ಯಾವುದಾದರೂ ಮಾತ್ರೆ ತಗೋತಿದ್ದೀರಾ?’ ಎಂದು ಕೇಳಿದರೆ ‘ಏನೂ ಇಲ್ಲ ಸರ್’ ಎಂದು ಚೀಲವನ್ನು ಕಾಲಿನ ಹಿಂದೆ ಸರಿಸಿ. ಯಾವ ಚಿಕಿತ್ಸೆಗೂ ಹತ್ತು ದಿನಕ್ಕಿಂತ ಹೆಚ್ಚು ಅವಕಾಶ ಕೊಡಬೇಡಿ.

ಫಿಸಿಯೋಥೆರಪಿಗೆ ಕಳಿಸಿದರೆ ಹೋಗಿ, ಆದರೆ ‘ಕರೆಂಟ್ ಇಡಿಸಿಕೊಂಡು’ ಬನ್ನಿ, ಅಷ್ಟೇ. ಬೋರಲು ಮಲಗಿರುವಾಗ ಯಾರಾದರೂ ಏನಾದರೂ ಮಾಡಿದರೆ ಅದು ಚಿಕಿತ್ಸೆ. ನೀವೇ ಎದ್ದು ಮಾಡಬೇಕಾದರೆ ಅದು ಕಿರುಕುಳ. ವ್ಯಾಯಾಮದ ಚಿತ್ರಗಳಿರುವ ಹಾಳೆಯನ್ನು ವಿನಯದಿಂದ ಸ್ವೀಕರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅದರ ಮೇಲೆ ಹಾಲಿನ ಲೆಕ್ಕ ಬರೆಯಿರಿ.

ಬೆಲ್ಟು ಕೊಂಡು ಹಗಲು ರಾತ್ರಿ ಬಿಗಿದುಕೊಂಡಿರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೇ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೂ ಚಿಕಿತ್ಸೆ ಇವು ಬೇಕು, ಬೆಲ್ಟು, ತೂಕ ಕಟ್ಟಿ ಎಳೆಸಿಕೊಳ್ಳುವುದು, ಅಫೀಮಿನ ಜಾತಿಯ ಮಾತ್ರೆಗಳು ಮಾಮೂಲಿಯಾಗಿ ಬೇಡ ಎಂದಿತು. ಆದರೆ ಬೆಲ್ಟು ಅಂಗಿಯ ಮೇಲೆ ಕಾಣುತ್ತದೆ, ವ್ಯಾಯಾಮ ಕಾಣುವುದಿಲ್ಲ. ಮದುವೆ ಮನೆಯಲ್ಲಿ ಯಾವುದರಿಂದ ಕುರ್ಚಿ ಸಿಗುತ್ತದೆಂದು ನೀವೇ ಯೋಚಿಸಿ.

ಹೆಜ್ಜೆ 4: ಮಾತ್ರೆಯನ್ನು ಕಡಲೆಪುರಿ ಮಾಡಿ

ಚೀಟಿ ಹಳೆಯದಾದರೂ ಎಸೆಯಬೇಡಿ. ಮೆಡಿಕಲ್ ಶಾಪಿಗೆ ಹೋಗಿ ‘ಹೋದ ಸಲದ್ದೇ ಕೊಡಿ’ ಎನ್ನಿ. ಬೆಳಿಗ್ಗೆ ಒಂದು, ರಾತ್ರಿ ಒಂದು, ಬಸ್ ಹತ್ತುವ ಮುಂಚೆ ಒಂದು. ಹೊಟ್ಟೆ ಉರಿದರೆ ಗ್ಯಾಸಿನ ಮಾತ್ರೆ, ಅದರಿಂದ ಏನಾದರೂ ಆದರೆ ಅದಕ್ಕೊಂದು. ವೈದ್ಯರು ‘ಐದು ದಿನಕ್ಕೆ’ ಎಂದು ಬರೆದದ್ದನ್ನು ‘ಐದು ವರ್ಷಕ್ಕೆ’ ಎಂದು ಓದಿಕೊಳ್ಳಿ.

ರಣಹದ್ದುಗಳ ಕಥೆಯನ್ನು ಯಾರಾದರೂ ತೆಗೆದರೆ ಮಾತು ಬದಲಿಸಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಭಾರತ ಉಪಖಂಡದಲ್ಲಿ ಅವು ಹೆಚ್ಚುಕಡಿಮೆ ನಿರ್ನಾಮವಾದವು. 2004ರಲ್ಲಿ ಕಾರಣ ಪ್ರಕಟವಾಯಿತು, 2006ರಲ್ಲಿ ಭಾರತ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿತು. ಅಳಿದುಳಿದ ಕೆಲವಕ್ಕೆ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಧಾಮವಾಯಿತು. ನೀವು ರಣಹದ್ದಲ್ಲ, ನಿಜ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೆಲವು ದಿನ ತೆಗೆದುಕೊಂಡರೆ ಹೆಚ್ಚಿನವರ ಮೂತ್ರಪಿಂಡ ತಡೆದುಕೊಳ್ಳುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇದ್ದು, ಕೇಳದೆ ವರ್ಷಗಟ್ಟಲೆ ನುಂಗಿದರೆ ಮಾತ್ರ ಹದ್ದಿಗೂ ನಿಮಗೂ ನೆಂಟಸ್ತಿಕೆ ಬೆಳೆಯುತ್ತದೆ. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಡಿ. ಗೊತ್ತಾದರೆ ಬಿಡಬೇಕಾಗುತ್ತದೆ.

ಇನ್ನೂ ಮುಂದುವರಿದ ಅಭ್ಯಾಸಿಗಳು ಸಂತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಸಿಗುವ ಹೆಸರಿಲ್ಲದ ಪುಡಿಯನ್ನು ಆಶ್ರಯಿಸಿ. ಒಂದೇ ದಿನದಲ್ಲಿ ನೋವು ಮಾಯವಾದರೆ ಅದು ಬೇರಿನ ಮಹಿಮೆಯೆಂದೇ ತಿಳಿಯಿರಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿದ್ದುಂಟು ಎಂಬುದನ್ನು ಮರೆಯಿರಿ. ಮುಖ ದುಂಡಗಾದರೆ ‘ಮೈ ಹಿಡಿದಿದ್ದೀರಿ’ ಎನ್ನುತ್ತಾರೆ, ಸಂತೋಷಪಡಿ.

ಹೆಜ್ಜೆ 5: ಒಳ್ಳೆಯ ದಿನವನ್ನು ಹಾಳುಮಾಡಿ

ಎಷ್ಟೇ ಜೋಪಾನ ಮಾಡಿದರೂ ಒಮ್ಮೊಮ್ಮೆ ನೋವು ಕಡಿಮೆಯಿರುವ ದಿನ ಬಂದುಬಿಡುತ್ತದೆ. ಗಾಬರಿಯಾಗಬೇಡಿ. ಅಂದೇ ಎಲ್ಲವನ್ನೂ ಮಾಡಿ ಮುಗಿಸಿ. ಅಟ್ಟ ಗುಡಿಸಿ, ಹೊದಿಕೆಗಳನ್ನೆಲ್ಲ ಒಗೆಯಿರಿ, ಅಕ್ಕಿ ಮೂಟೆ ಸರಿಸಿ, ಗೌರಿಹಬ್ಬಕ್ಕೆ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಾಕಿ ಉಜ್ಜಿ. ನಡುವೆ ಕೂರಬೇಡಿ, ಇನ್ನೊಬ್ಬರನ್ನು ಕರೆಯಬೇಡಿ. ಸಂಜೆಗೆ ಸೊಂಟ ಹಿಡಿಯುತ್ತದೆ, ಮುಂದಿನ ಮೂರು ದಿನ ಹಾಸಿಗೆ ಗ್ಯಾರಂಟಿ.

ಆ ಮೂರು ದಿನ ವ್ಯರ್ಥವಾಗದಿರಲಿ. ಮಲಗಿಕೊಂಡೇ ‘ಕೆಲಸ ಮಾಡಿದ್ದಕ್ಕೇ ಹೀಗಾಯಿತು’ ಎಂದು ತೀರ್ಮಾನಿಸಿ, ಒಂದೊಂದಾಗಿ ಎಲ್ಲವನ್ನೂ ಬಿಡಿ. ಮೊದಲು ಬಟ್ಟೆ ಒಗೆಯುವುದು, ಆಮೇಲೆ ಸಂತೆಗೆ ಹೋಗುವುದು, ಆಮೇಲೆ ಮೊಮ್ಮಗುವನ್ನು ಎತ್ತಿಕೊಳ್ಳುವುದು, ಕೊನೆಗೆ ಎದುರು ಮನೆಯ ಜಗುಲಿಗೆ ಹೋಗಿ ಕೂರುವುದು. ಕೆಲಸವನ್ನು ಹಂಚಿಕೊಂಡು, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಒಳ್ಳೆಯ ದಿನವೂ ಕೆಟ್ಟ ದಿನವೂ ಸರಿಸುಮಾರು ಅಷ್ಟೇ ಮಾಡಿಕೊಂಡು ಹೋಗುವವರೂ ಇದ್ದಾರೆ. ಅವರಿಂದ ದೂರವಿರಿ. ಅವರ ನೋವು ಎಂದೂ ಉದ್ಧಾರವಾಗುವುದಿಲ್ಲ.

ಹೆಜ್ಜೆ 6: ಬಾಗಿಲು ತೆರೆದಿಡಿ

1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ಒಂದು ಸಿದ್ಧಾಂತ ಮುಂದಿಟ್ಟರು. ನೋವಿನ ಸುದ್ದಿ ಮಿದುಳಿಗೆ ನೇರ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಬೇಕು, ಮಿದುಳೇ ಆ ಬಾಗಿಲನ್ನು ಅಗಲಿಸಲೂಬಹುದು ಕಿರಿದಾಗಿಸಲೂಬಹುದು ಎಂದರು. 1983ರಲ್ಲಿ ಕ್ಲಿಫರ್ಡ್ ವೂಲ್ಫ್, ನೋವಿನ ಹೊಡೆತ ತಿಂದ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗಿಬಿಡುತ್ತವೆ ಎಂದು ತೋರಿಸಿದರು. ಗಾಯ ಮಾಗಿದರೂ ಗಂಟೆ ಬಾರಿಸುತ್ತಲೇ ಇರುತ್ತದೆ. ಹೀಗೆ ಬರುವ ನೋವು ನಾಟಕವೂ ಅಲ್ಲ, ಭ್ರಮೆಯೂ ಅಲ್ಲ, ಅಪ್ಪಟ ನೋವು.

ನಮ್ಮ ಕೆಲಸಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕೇ? ಭಯ, ನಿದ್ದೆಗೇಡು, ಚಿಂತೆ, ಒಂಟಿತನ ಇವು ಬಾಗಿಲನ್ನು ಅಗಲಿಸುತ್ತವೆ. ಆದ್ದರಿಂದ ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡಿ, ಅದರಲ್ಲಿಯೂ ಸೊಂಟದ ಆಪರೇಷನ್ ಕೆಟ್ಟವರ ವಿಡಿಯೋಗಳನ್ನೇ ನೋಡಿ. ಹಗಲು ಅರ್ಧ ಗಂಟೆಗೊಮ್ಮೆ ‘ಈಗ ನೋಯ್ತಾ ಇದೆಯಾ?’ ಎಂದು ಪರೀಕ್ಷಿಸಿಕೊಳ್ಳಿ. ಇಲ್ಲದಿದ್ದರೆ ಸ್ವಲ್ಪ ತಿರುಗಿ ನೋಡಿ, ಸಿಗುತ್ತದೆ. ಗೆಳೆಯರ ಜೊತೆ ನಗುವುದು, ಭಜನೆಗೆ ಹೋಗುವುದು, ಯಕ್ಷಗಾನ ನೋಡುತ್ತ ಮೈಮರೆಯುವುದು ಇವೆಲ್ಲ ಬಾಗಿಲು ಮುಚ್ಚುವ ದುರಭ್ಯಾಸಗಳು.

ಹೆಜ್ಜೆ 7: ವೈದ್ಯರ ಎದುರು ಸರಿಯಾಗಿ ಮಾತಾಡಿ

‘ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು?’ ಎಂದು ಕೇಳುತ್ತಾರೆ. ಹತ್ತು ಎಂದರೆ ನಂಬುವುದಿಲ್ಲ, ನಾಲ್ಕು ಎಂದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ‘ಹೇಳಕ್ಕಾಗಲ್ಲ ಡಾಕ್ಟ್ರೇ’ ಎಂದು ಉಸಿರುಬಿಡಿ. ಅದೇ ಮೆಲ್ಝಾಕ್ 1975ರಲ್ಲಿ ನೋವನ್ನು ಬಣ್ಣಿಸುವ 78 ಮಾತುಗಳ ಪ್ರಶ್ನಾವಳಿಯನ್ನೇ ಪ್ರಕಟಿಸಿದರು, ಏಕೆಂದರೆ ಉರಿಯುವ ನೋವು ಬೇರೆ, ಸೆಳೆಯುವ ನೋವು ಬೇರೆ, ಜೋಮು ಹಿಡಿಯುವುದು ಬೇರೆ. ನೀವು ಅದಕ್ಕೆಲ್ಲ ಹೋಗಬೇಡಿ. ‘ಒಟ್ನಲ್ಲಿ ನೋವು’ ಎಂದು ಮುಗಿಸಿ. ಯಾವ ಕೆಲಸ ಮಾಡಲಾಗುತ್ತಿಲ್ಲ, ಏನು ಮಾಡಲು ಆಸೆ ಎಂಬುದನ್ನಂತೂ ಬಾಯಿಬಿಡಬೇಡಿ. ಆಸೆ ಹೇಳಿಕೊಂಡರೆ ಅದನ್ನೇ ಗುರಿಯಾಗಿಟ್ಟು ನಡೆಸಲು ಶುರುಮಾಡುತ್ತಾರೆ.

ಕಾಲಿನ ಬಲ ಕುಂದುತ್ತಿದ್ದರೆ, ಮಲಮೂತ್ರ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿಕೊಂಡರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ದೊಡ್ಡ ಪೆಟ್ಟು ಬಿದ್ದಿದ್ದರೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಅದನ್ನು ಬಿಸಾಡಿ ತಕ್ಷಣ ಆಸ್ಪತ್ರೆಗೆ ಹೋಗಿ. ಅವು ನಮ್ಮ ಪಠ್ಯದ ಹೊರಗಿನ ವಿಷಯಗಳು.

ಹೆಜ್ಜೆ 8: ಮನೆಯವರಿಗೆ ತರಬೇತಿ ಕೊಡಿ

ಒಬ್ಬರೇ ಕಷ್ಟಪಟ್ಟು ನೋವು ಸಾಕಲು ಆಗುವುದಿಲ್ಲ, ಇಡೀ ಮನೆ ಕೈಜೋಡಿಸಬೇಕು. ಇಲ್ಲಿ ದರ್ಜೆಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ. ಯಜಮಾನರ ಸೊಂಟಕ್ಕೆ ಎಂಆರ್‌ಐ, ಯಜಮಾನ್ತಿಯ ಸೊಂಟಕ್ಕೆ ಮುಲಾಮು, ಕೆಲಸದಾಕೆಯ ಸೊಂಟಕ್ಕೆ ಸಂಬಳ ಕಡಿತ.

ಅಪ್ಪನಿಗೆ ನೋವಾದರೆ ‘ನೀವು ಏಳ್ಬೇಡಿ, ಕೂತಲ್ಲಿಗೇ ತರ್ತೀವಿ’ ಎನ್ನಿ. ತಟ್ಟೆ, ಪೇಪರು, ರಿಮೋಟು ಎಲ್ಲವನ್ನೂ ಕೈಗೆ ಕೊಡಿ. ಕಾಲಕ್ರಮದಲ್ಲಿ ಅವರಿಗೆ ಏಳುವುದೇ ಮರೆತುಹೋಗುತ್ತದೆ. ಪ್ರೀತಿಯಿಂದ ಮಾಡಿದ್ದಾದ್ದರಿಂದ ಯಾರೂ ತಪ್ಪು ಹೇಳುವಂತಿಲ್ಲ.

ಅಮ್ಮನಿಗೆ ನೋವಾದರೆ ಬೇರೆ ವಿಧಾನ ಬಳಸಿ. ‘ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಇರೋದೇ’ ಎನ್ನಿ. ಎರಡನೇ ಸಲ ಹೇಳಿದರೆ ‘ಕ್ಯಾಲ್ಸಿಯಂ ತಗೋ’ ಎನ್ನಿ. ಮೂರನೇ ಸಲ ಹೇಳುವುದಿಲ್ಲ. ವೈದ್ಯರು ರೆಸ್ಟ್ ಬರೆದುಕೊಟ್ಟರೆ ಅದನ್ನು ರಾತ್ರಿ ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಹಾಲಿಗೆ ಹೆಪ್ಪು ಹಾಕುವ ಮುಂಚೆ, ಹತ್ತು ನಿಮಿಷ ಕೊಡಿ. ಅಡುಗೆ ಕಟ್ಟೆ ಆಕೆಯ ಎತ್ತರಕ್ಕೆ ಸರಿಯಿಲ್ಲದಿದ್ದರೆ ಹಾಗೇ ಇರಲಿ, ಅದನ್ನು ಕಟ್ಟಿಸಿದಾಗ ಆಕೆಯನ್ನು ಯಾರೂ ಕೇಳಿರಲಿಲ್ಲ.

ಕರಾವಳಿಯಲ್ಲಿ ಬೀಡಿ ಸುತ್ತುವ ಹೆಂಗಸರಿಗೆ, ಕೊಡಗು ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದು ಮೂಟೆ ಹೊರುವವರಿಗೆ ‘ಹೆಚ್ಚು ಹೊತ್ತು ಕೂರಬೇಡಿ, ಭಾರ ಎತ್ತಬೇಡಿ’ ಎಂದು ಸಲಹೆ ಕೊಟ್ಟು ಕಳಿಸಿ. ಬೀಡಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಎದ್ದು ಬೆನ್ನು ನೀಡಿ ಬಂದ ಹೊತ್ತಿಗೆ ಆ ಲೆಕ್ಕದಲ್ಲಿ ಕಲಂ ಇಲ್ಲ. ಸಲಹೆ ಪಾಲಿಸದಿದ್ದರೆ ‘ಇವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂದು ಚೀಟಿಯ ಮೂಲೆಯಲ್ಲಿ ಬರೆದುಕೊಳ್ಳಿ.

ಆಫೀಸಿನಲ್ಲಿ ಯಾರಾದರೂ ನೋವೆಂದರೆ ‘ನೋಡೋಕೆ ಚೆನ್ನಾಗೇ ಇದ್ದೀರಲ್ಲ!’ ಎಂದು ಪ್ರಶಂಸಿಸಿ. ಕಾನೂನಿನ ಬಲವೂ ನಿಮಗಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಗಳಲ್ಲಿ ದೀರ್ಘಕಾಲಿಕ ನೋವೆಂಬ ಹೆಸರಿಲ್ಲ. ಎದ್ದು ನಿಂತು ಕೆಲಸ ಮಾಡಲು ಎತ್ತರದ ಮೇಜು ಕೇಳಿದರೆ ಕಡತ ತೆರೆಯಿರಿ. ಕಡತ ಮುಚ್ಚುವ ಹೊತ್ತಿಗೆ ಕೇಳಿದವರು ನಿವೃತ್ತರಾಗಿರುತ್ತಾರೆ.

ನೋವು ಕಡಿಮೆಯಾಗುವ ಲಕ್ಷಣ ಕಂಡರೆ

ಎಲ್ಲ ಹೆಜ್ಜೆ ಪಾಲಿಸಿಯೂ ಕೆಲವು ಮನೆಗಳಲ್ಲಿ ಸೊಂಟನೋವು ಸೊರಗುತ್ತದೆ. ಕಾರಣಗಳನ್ನು ಬೇಗ ಪತ್ತೆಹಚ್ಚಿ.

ಮೊದಲು ನಡಿಗೆಯ ಮೇಲೆ ಕಣ್ಣಿಡಿ. 2024ರಲ್ಲಿ, ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಆಸ್ಟ್ರೇಲಿಯಾದ 701 ಮಂದಿಯ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ನಡೆಯಲು ಕಲಿಸಿ, ನೋವಿನ ಬಗ್ಗೆ ತಿಳಿವಳಿಕೆ ಕೊಟ್ಟರು. ಉಳಿದವರನ್ನು ಅವರ ಪಾಡಿಗೆ ಬಿಟ್ಟರು. ಬಿಟ್ಟವರಿಗೆ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ 112 ದಿನ ಹಿಡಿದರೆ, ನಡೆದವರಿಗೆ 208 ದಿನ. ಬೆಲ್ಟಿಲ್ಲ, ಪುಡಿಯಿಲ್ಲ, ಖರ್ಚೆಂದರೆ ಒಂದು ಜೊತೆ ಚಪ್ಪಲಿ. ನಮ್ಮ ವ್ಯವಹಾರಕ್ಕೆ ಇದಕ್ಕಿಂತ ದೊಡ್ಡ ಕುತ್ತಿಲ್ಲ.

ನಡೆದ ಮಾತ್ರಕ್ಕೆ ಎಲ್ಲರ ನೋವೂ ಹೋಗಿಬಿಡುತ್ತದೆ ಎಂದು ಹೆದರಬೇಡಿ. ಹಲವರದು ಉಳಿದೇ ಉಳಿಯುತ್ತದೆ. ಅಪಾಯ ಇರುವುದು ಬೇರೆ ಕಡೆ: ನೋವಿದ್ದರೂ ಅವರು ಸಂತೆಗೆ ಹೋಗಿ ಬರಲು ಕಲಿತುಬಿಡುತ್ತಾರೆ. ಐದು ನಿಮಿಷ ನಡೆದವರು ಮುಂದಿನ ವಾರ ಆರು ನಿಮಿಷ ನಡೆಯುತ್ತಾರೆ. ಒಬ್ಬರೇ ವೈದ್ಯರ ಬಳಿ ಎಲ್ಲ ಮಾತ್ರೆಗಳ ಹೆಸರನ್ನೂ ಬಿಚ್ಚಿ ಹೇಳುತ್ತಾರೆ. ಒಳ್ಳೆಯ ದಿನದಂದು ಕೂಡ ಅರ್ಧ ಅಟ್ಟ ಗುಡಿಸಿ ‘ಉಳಿದದ್ದು ನಾಳೆ’ ಎಂದು ಇಳಿದುಬಿಡುತ್ತಾರೆ. ಆಮೇಲೆ ನೋವು ಮನೆಯಲ್ಲಿದ್ದರೂ ಅದರ ಮಾತು ನಡೆಯುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ಲಕ್ಷಣ, ಅಮ್ಮ ದಿನಾ ಸಂಜೆ ಚಪ್ಪಲಿ ಮೆಟ್ಟಿಕೊಂಡು ಅರ್ಧ ಗಂಟೆ ಹೊರಗೆ ಹೋಗಲು ಶುರುಮಾಡುವುದು. ವ್ಯಾಯಾಮದ ಹಾಳೆ, ಮಾರ್ಗಸೂಚಿ, ಸಂಶೋಧನೆ ಇವು ಎಷ್ಟೇ ಇರಲಿ, ಆ ಅರ್ಧ ಗಂಟೆ ಸಿಗದಿದ್ದರೆ ಎಲ್ಲವೂ ಕಾಗದವೇ. ಆದ್ದರಿಂದ ಆಕೆಯನ್ನು ತಡೆಯುವ ಗೋಜಿಗೆ ಹೋಗಬೇಡಿ, ‘ಹೋಗಮ್ಮ, ಆರೋಗ್ಯಕ್ಕೆ ಒಳ್ಳೇದು’ ಎಂದೇ ಹೇಳಿ. ಆ ಹೊತ್ತಿಗೆ ಸಿಂಕಿನಲ್ಲಿರುವ ಪಾತ್ರೆ ತೊಳೆಯಲು ಮಾತ್ರ ಯಾರೂ ಏಳದಂತೆ ನೋಡಿಕೊಳ್ಳಿ. ಮಿಕ್ಕಿದ್ದನ್ನು ನೋವೇ ನೋಡಿಕೊಳ್ಳುತ್ತದೆ.